ವಿಜಯಪುರದ ಆಕಾಶಕ್ಕೆ ಯಾವ ದೂರದರ್ಶಕ: ನೋಡುವುದಕ್ಕೂ ಚಿತ್ರ ತೆಗೆಯುವುದಕ್ಕೂ ಒಂದೇ ಸಾಕಾಗುತ್ತದೆಯೇ?

ಪ್ರಶ್ನೆ (ವಿಜಯಪುರ)

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದ ಸೋಲಾಪುರ ರಸ್ತೆಯ ಕಡೆ ವಾಸವಾಗಿದ್ದೇನೆ, ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಹಲವು ವರ್ಷಗಳಿಂದ 10×50 ದುರ್ಬೀನಿನಲ್ಲಿ ಕೃತ್ತಿಕೆ, ಮಹಾವ್ಯಾಧದ ನೀಹಾರಿಕೆ, ಗುರುವಿನ ನಾಲ್ಕು ಚಂದ್ರರು ಇವನ್ನೆಲ್ಲ ನೋಡುತ್ತ ಬಂದವನಿಗೆ ಈಗ ಒಂದು ದೂರದರ್ಶಕ ಕೊಳ್ಳುವ ಮನಸ್ಸಾಗಿದೆ. ಎಲ್ಲ ಸೇರಿ 60,000 ರೂಪಾಯಿ ಮೀರುವಂತಿಲ್ಲ. ಇದು ಒಮ್ಮೆ ಮಾಡುವ ಖರ್ಚು; ಒಂದನ್ನು ಮಾರಿ ಇನ್ನೊಂದನ್ನು ತರುವ ಉತ್ಸಾಹ ನನಗಿಲ್ಲ.

ನನ್ನ ಬೇಡಿಕೆಗಳು ಎರಡು. ಶನಿಯ ಉಂಗುರಗಳನ್ನೂ ಚಂದ್ರನ ಕುಳಿಗಳನ್ನೂ ಶಾಲೆಯ ಮಕ್ಕಳು ತಮ್ಮ ಕಣ್ಣಿನಿಂದಲೇ ನೋಡಬೇಕು. ಅದರ ಜೊತೆಗೆ ನೀಹಾರಿಕೆ ಮತ್ತು ಗೆಲಾಕ್ಸಿಗಳ ಬಣ್ಣದ ಚಿತ್ರ ತೆಗೆಯಬೇಕೆಂಬುದು ನನ್ನ ಸ್ವಂತದ ಆಸೆ. ಸಣ್ಣ ಸಂವೇದಕದ ಹಳೆಯ ಡಿಎಸ್‌ಎಲ್‌ಆರ್ ಒಂದು, 50 ಮಿ.ಮೀ. ಮಸೂರ ಮತ್ತು 55ರಿಂದ 250 ಮಿ.ಮೀ.ವರೆಗಿನ ಜೂಮ್ ಮಸೂರ ನನ್ನ ಬಳಿ ಇವೆ. ಮನೆಯ ಮಾಳಿಗೆಯ ಮೇಲೆ ಬೀದಿಯ ಎಲ್‌ಇಡಿ ದೀಪಗಳ ಕಾಟವಿದೆ; ತಿಕೋಟಾ ಕಡೆಗಿರುವ ನಮ್ಮ ದ್ರಾಕ್ಷಿ ತೋಟದಲ್ಲಿ ಮಾತ್ರ ಹಾಲುಹಾದಿ ಬರಿಗಣ್ಣಿಗೆ ಕಾಣುತ್ತದೆ.

ಅಂತರ್ಜಾಲದ ಮಳಿಗೆಯೊಂದರಲ್ಲಿ 127 ಮಿ.ಮೀ. ಕನ್ನಡಿ, ಈಕ್ವಟೋರಿಯಲ್ ಪೀಠ (ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ತಿರುಗುವ ಆಸರೆ), ಮೋಟರು ಹಾಗೂ 600 ಪಟ್ಟು ವರ್ಧನೆ ಎಂದು ಬರೆದ ಒಂದು ಕಟ್ಟು ನನ್ನ ಮಿತಿಯ ಅರ್ಧ ಬೆಲೆಗೇ ಸಿಗುತ್ತಿದೆ. ಎರಡೂ ಕೆಲಸ ಅದರಿಂದಲೇ ಆಗುತ್ತದೆ ಎಂಬುದು ಮಾರುವವರ ಮಾತು. ಅದನ್ನು ನಂಬಬಹುದೇ?

ಉತ್ತರ (ಬಾಗಲಕೋಟೆ, ನವನಗರ)

ನಂಬಬೇಡಿ. ದೂರದರ್ಶಕವೊಂದು ಕೊಡಬಲ್ಲ ಉಪಯುಕ್ತ ವರ್ಧನೆಯ ಮೇಲ್ಮಿತಿ ಅದರ ಬಾಯಿಯ ವ್ಯಾಸದ ಪ್ರತಿ ಮಿಲಿಮೀಟರಿಗೆ ಸುಮಾರು ಎರಡು ಪಟ್ಟು. ಆ ಲೆಕ್ಕದಲ್ಲಿ 127 ಮಿ.ಮೀ. ಕನ್ನಡಿಗೆ 254 ಪಟ್ಟೇ ಕೊನೆ. ಅದೂ ಗಾಳಿ ಪೂರ್ತಿ ನಿಶ್ಚಲವಾಗಿದ್ದ ರಾತ್ರಿ. 600 ಪಟ್ಟು ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದವರು ಉಳಿದ ವಿಷಯಗಳಲ್ಲಿ ಎಷ್ಟು ನಿಷ್ಠುರವಾಗಿರುತ್ತಾರೆ ಎಂಬುದನ್ನು ನೀವೇ ಊಹಿಸಿಕೊಳ್ಳಿ. ಇನ್ನೊಂದು ಸೂಚನೆಯನ್ನೂ ಗಮನಿಸಿ: ಸಂಗಮದೂರ, ಅಂದರೆ ಕನ್ನಡಿಯಿಂದ ಬಿಂಬ ಕೂಡುವ ಜಾಗದವರೆಗಿನ ದೂರ, 1000 ಮಿ.ಮೀ. ಎಂದು ಬರೆದಿದ್ದು, ಕೊಳವೆ ಮಾತ್ರ ಅರ್ಧ ಮೀಟರಿನ ಆಸುಪಾಸಿನಲ್ಲಿದ್ದರೆ, ಫೋಕಸರಿನ ಒಳಗೆ ಸಂಗಮದೂರವನ್ನು ಹಿಗ್ಗಿಸುವ ಮಸೂರವೊಂದನ್ನು ಕೂಡಿಸಿರುತ್ತಾರೆ ಎಂದು ತಿಳಿಯಬೇಕು. ಅಂಥ ವಿನ್ಯಾಸದಲ್ಲಿ ಕನ್ನಡಿಗಳ ಹೊಂದಾಣಿಕೆ ಕಷ್ಟ. ಅಗ್ಗದ ಮಾದರಿಗಳಲ್ಲಂತೂ ಬಿಂಬ ಎಂದಿಗೂ ಪೂರ್ತಿ ಚುರುಕಾಗುವುದಿಲ್ಲ.

ಇನ್ನು ಮೂಲ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಎರಡು ಬೇಡಿಕೆಗಳೂ ನ್ಯಾಯವಾದವೇ, ಆದರೆ ಎರಡನ್ನೂ ಒಂದೇ ಉಪಕರಣಕ್ಕೆ ಹೊರಿಸಿದರೆ ಎರಡೂ ಅರ್ಧಕ್ಕೆ ನಿಲ್ಲುತ್ತವೆ. ಕಣ್ಣಿಗೆ ಬೇಕಾದದ್ದು ಬೆಳಕನ್ನು ಹೆಚ್ಚು ಕೂಡಿಸುವ ಅಗಲವಾದ ಕನ್ನಡಿ. ಕ್ಯಾಮೆರಾಕ್ಕೆ ಬೇಕಾದದ್ದು ಭೂಮಿಯ ತಿರುಗುವಿಕೆಯನ್ನು ಸರಿದೂಗಿಸುತ್ತ ನಕ್ಷತ್ರವನ್ನು ಹಿಂಬಾಲಿಸುವ ಗಟ್ಟಿಯಾದ ಪೀಠ. ಎರಡನ್ನೂ ಒಟ್ಟಿಗೆ ಕೊಡುವ ಉಪಕರಣಗಳು ಇಲ್ಲವೆಂದಲ್ಲ, ಆದರೆ ಅವುಗಳ ಬೆಲೆ ನಿಮ್ಮ ಮಿತಿಯ ಹಲವು ಪಟ್ಟು ಆಗುತ್ತದೆ. ಮಕ್ಕಳಿಗೆ ತೋರಿಸುವುದೇ ಮೊದಲ ಉದ್ದೇಶವಾಗಿದ್ದರೆ, ನನ್ನ ಅಭಿಪ್ರಾಯದಲ್ಲಿ ಹಣವನ್ನು ಎಂಟು ಅಂಗುಲದ ಡಾಬ್ಸೋನಿಯನ್ ದೂರದರ್ಶಕಕ್ಕೆ ಹಾಕಿ: 203 ಮಿ.ಮೀ. ಕನ್ನಡಿ, 1200 ಮಿ.ಮೀ. ಸಂಗಮದೂರ, ನೆಲದ ಮೇಲೆ ಕೂರುವ ತಿರುಗುಪೀಠ. ಮೋಟರಿಲ್ಲ, ವಿದ್ಯುತ್ತು ಬೇಡ. ಈ ಪೀಠವನ್ನು ಜನಪ್ರಿಯಗೊಳಿಸಿದ ಜಾನ್ ಡಾಬ್ಸನ್ ಸ್ಯಾನ್ ಫ್ರಾನ್ಸಿಸ್ಕೋದ ಕಾಲುದಾರಿಗಳಲ್ಲಿ ನಿಂತು ದಾರಿಹೋಕರಿಗೆ ಆಕಾಶ ತೋರಿಸಿದವರು. 1968ರಲ್ಲಿ ಅದಕ್ಕಾಗಿಯೇ ಒಂದು ಸಂಘವನ್ನೂ ಕಟ್ಟಿದರು. ಸಾಲಾಗಿ ನಿಂತ ಗುಂಪಿಗೆ ತೋರಿಸುವುದಕ್ಕೆಂದೇ ಹುಟ್ಟಿದ ವಿನ್ಯಾಸವಾದ್ದರಿಂದ ಯಾವುದೋ ಮಗುವಿನ ಮೊಣಕೈ ತಾಗಿ ಕೊಳವೆ ಸರಿದರೂ ಕೈಯಿಂದ ತಳ್ಳಿ ಮತ್ತೆ ಗುರಿಗೆ ತಂದರೆ ಮುಗಿಯಿತು.

ಕತ್ತಲೆಯಲ್ಲಿ ಪೂರ್ತಿ ಅರಳಿದ ಕಣ್ಣಿನ ಪಾಪೆ ಸುಮಾರು 7 ಮಿ.ಮೀ. ಎಂದು ಹಿಡಿದರೆ, 203 ಮಿ.ಮೀ. ಕನ್ನಡಿ ಅದಕ್ಕಿಂತ ಸುಮಾರು 840 ಪಟ್ಟು ಬೆಳಕನ್ನು ಕೂಡಿಸುತ್ತದೆ. ನೀವು ನೋಡಿದ 127 ಮಿ.ಮೀ. ಕನ್ನಡಿಗಿಂತ ಎರಡೂವರೆ ಪಟ್ಟು. ಜೊತೆಗೆ ಸಾಮಾನ್ಯವಾಗಿ ಬರುವ 25 ಮತ್ತು 10 ಮಿ.ಮೀ. ಐಪೀಸುಗಳಿಂದ (ಕಣ್ಣಿಟ್ಟು ನೋಡುವ ಚಿಕ್ಕ ಮಸೂರಗಳಿಂದ) 48 ಮತ್ತು 120 ಪಟ್ಟು ವರ್ಧನೆ ಸಿಗುತ್ತದೆ, ಆರಂಭಕ್ಕೆ ಅಷ್ಟು ಸಾಕು. ಮುಂದೆ 6 ಮಿ.ಮೀ.ನ ಒಂದು ಒಳ್ಳೆಯ ಐಪೀಸ್ ಕೊಂಡರೆ 200 ಪಟ್ಟು ಆಯಿತು. ಅದಕ್ಕಿಂತ ಹೆಚ್ಚಿನದನ್ನು ನಮ್ಮ ಕಡೆಯ ಗಾಳಿ ಅಪರೂಪಕ್ಕೆ ಮಾತ್ರ ತಾಳಿಕೊಳ್ಳುತ್ತದೆ. ಗುರುವಿನ ಮೇಲಿನ ಪಟ್ಟಿಗಳು, ಶನಿಯ ಉಂಗುರಗಳು, ಚಂದ್ರನ ಪರ್ವತಗಳ ನೆರಳು ಇವೆಲ್ಲ ಎಲ್‌ಇಡಿ ದೀಪಗಳ ನಡುವೆಯೂ ನಿಮ್ಮ ಮಾಳಿಗೆಯಿಂದಲೇ ಕಾಣುತ್ತವೆ, ಏಕೆಂದರೆ ಗ್ರಹಗಳ ಬೆಳಕು ಬೀದಿದೀಪಕ್ಕೆ ಸೋಲುವುದಿಲ್ಲ. ಶನಿಯ ಉಂಗುರಗಳು 2025ರ ಮಾರ್ಚ್‌ನಲ್ಲಿ ನಮಗೆ ಅಂಚು ತೋರಿಸಿ ನಿಂತಿದ್ದವು. ಅಲ್ಲಿಂದ ವರ್ಷ ವರ್ಷಕ್ಕೂ ತೆರೆದುಕೊಳ್ಳುತ್ತ 2032ರ ಹೊತ್ತಿಗೆ ಪೂರ್ತಿ ಅಗಲವಾಗಿ ಕಾಣಲಿವೆ. ಆದ್ದರಿಂದ ಶನಿಯ ಮಟ್ಟಿಗೆ ಇದು ಒಳ್ಳೆಯ ಕಾಲ.

ನೀಹಾರಿಕೆಗಳ ಬಗ್ಗೆ ಮಾತ್ರ ಮಕ್ಕಳಿಗೆ ಮೊದಲೇ ಹೇಳಿಬಿಡಿ. ಪುಸ್ತಕದಲ್ಲಿ ಕಾಣುವ ಕೆಂಪು, ನೀಲಿ ಬಣ್ಣಗಳು ಐಪೀಸಿನಲ್ಲಿ ಕಾಣುವುದಿಲ್ಲ. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣವನ್ನು ಗುರುತಿಸಲಾರದು. ಮಹಾವ್ಯಾಧದ ನೀಹಾರಿಕೆ ಬೂದುಬಣ್ಣದಲ್ಲಿ, ಹೆಚ್ಚೆಂದರೆ ತುಸು ಹಸಿರು ಛಾಯೆಯಲ್ಲಿ ರೆಕ್ಕೆ ಚಾಚಿದಂತೆ ಕಾಣುತ್ತದೆ. ದೇವಯಾನಿ ಗೆಲಾಕ್ಸಿ ಮಬ್ಬಾದ ಬೆಳಕಿನ ಉಂಡೆಯಷ್ಟೇ. ಗೋಳಾಕಾರದ ನಕ್ಷತ್ರಗುಚ್ಛಗಳು ಮಾತ್ರ ಎಂಟು ಅಂಗುಲದಲ್ಲಿ ನಿಜವಾಗಿಯೂ ಬೆರಗು ಹುಟ್ಟಿಸುತ್ತವೆ, ಆ ವಿಷಯದಲ್ಲಿ ನಾವು ಅದೃಷ್ಟವಂತರು. ಕಿನ್ನರ ಪುಂಜದಲ್ಲಿರುವ ಒಮೇಗಾ ಸೆಂಟಾರಿ ಎಂಬ ಅತಿದೊಡ್ಡ ಗುಚ್ಛ ವಿಜಯಪುರದಿಂದ ದಕ್ಷಿಣ ದಿಗಂತದ ಮೇಲೆ ಸುಮಾರು 25 ಡಿಗ್ರಿ ಎತ್ತರಕ್ಕೆ ಏರುತ್ತದೆ. ಲಂಡನ್ನಿನವರಿಗೆ ಅದು ಹುಟ್ಟುವುದೇ ಇಲ್ಲ. ಏಪ್ರಿಲ್, ಮೇ ತಿಂಗಳ ರಾತ್ರಿಗಳಲ್ಲಿ ತೋಟದಿಂದ ಅದನ್ನು ತಪ್ಪದೆ ನೋಡಿ.

ಮಾಳಿಗೆಯ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. ನಮ್ಮ ಬೇಸಿಗೆಯಲ್ಲಿ ಕಾಂಕ್ರೀಟಾಗಲಿ ಕಲ್ಲುಹಾಸಾಗಲಿ ಹಗಲೆಲ್ಲ ಹೀರಿದ ಕಾವನ್ನು ನಡುರಾತ್ರಿಯವರೆಗೂ ಉಗುಳುತ್ತಿರುತ್ತದೆ. ಆ ಬಿಸಿಗಾಳಿಯ ಮೂಲಕ ನೋಡಿದರೆ ಗುರು ಕುದಿಯುವ ಹಾಲಿನಂತೆ ಅಲುಗುತ್ತಾನೆ. ಜನ ಅದನ್ನು ದೂರದರ್ಶಕದ ದೋಷವೆಂದು ತಿಳಿದು ಅಂಗಡಿಯವರೊಡನೆ ಜಗಳಕ್ಕೆ ನಿಲ್ಲುತ್ತಾರೆ. ಅಂಗಳದ ಮಣ್ಣುನೆಲವಿದ್ದರೆ ಅದೇ ಮೇಲು. ದೂರದರ್ಶಕವನ್ನೂ ನೋಡುವುದಕ್ಕೆ ಮುಕ್ಕಾಲು ಗಂಟೆ ಮೊದಲೇ ಹೊರಗಿಟ್ಟು, ಕನ್ನಡಿ ಹೊರಗಾಳಿಯ ತಾಪಮಾನಕ್ಕೆ ಇಳಿಯಲು ಬಿಡಿ.

ಉತ್ತರ (ಬೆಳಗಾವಿ)

ಮೇಲಿನ ಸಲಹೆ ಸರಿಯಾಗಿದೆ. ನಾನು ಚಿತ್ರ ತೆಗೆಯುವವನಾದ್ದರಿಂದ ಎರಡನೆಯ ಬೇಡಿಕೆಯ ಕುರಿತು ಮಾತ್ರ ಬರೆಯುತ್ತೇನೆ.

ಡಾಬ್ಸೋನಿಯನ್ನಿಗೆ ನಿಮ್ಮ ಡಿಎಸ್‌ಎಲ್‌ಆರ್ ಸಿಕ್ಕಿಸಿ ನೀಹಾರಿಕೆಯ ಚಿತ್ರ ತೆಗೆಯಲು ಏಕೆ ಆಗದು ಎಂಬುದಕ್ಕೆ ಒಂದು ಚಿಕ್ಕ ಲೆಕ್ಕ ಸಾಕು. ಭೂಮಿ ತಿರುಗುವುದರಿಂದ ಆಕಾಶದ ಸಮಭಾಜಕದ ಬಳಿಯ ನಕ್ಷತ್ರ ಸೆಕೆಂಡಿಗೆ 15 ವಿಕಲೆಗಳಷ್ಟು (ಒಂದು ವಿಕಲೆ ಎಂದರೆ ಡಿಗ್ರಿಯ 3600ನೆಯ ಒಂದು ಭಾಗ) ಸರಿಯುತ್ತದೆ. ಸಂವೇದಕದ ಒಂದೊಂದು ಪಿಕ್ಸೆಲ್ ಸುಮಾರು 4 ಮೈಕ್ರಾನ್ ಎಂದುಕೊಂಡರೆ, 1200 ಮಿ.ಮೀ. ಸಂಗಮದೂರದಲ್ಲಿ ಪ್ರತಿ ಪಿಕ್ಸೆಲ್ ಆಕಾಶದ 0.7 ವಿಕಲೆಯನ್ನು ಆವರಿಸುತ್ತದೆ. ಅಂದರೆ ಒಂದೇ ಸೆಕೆಂಡಿನಲ್ಲಿ ನಕ್ಷತ್ರ ಇಪ್ಪತ್ತಕ್ಕೂ ಹೆಚ್ಚು ಪಿಕ್ಸೆಲ್ ದಾಟಿ ಗೆರೆಯಾಗಿಬಿಡುತ್ತದೆ. ಅದೇ ಕ್ಯಾಮೆರಾದಲ್ಲಿ 50 ಮಿ.ಮೀ. ಮಸೂರ ಹಾಕಿದರೆ ಪಿಕ್ಸೆಲ್ಲಿಗೆ 16 ವಿಕಲೆಗೂ ತುಸು ಹೆಚ್ಚು, ಆಗ ನಕ್ಷತ್ರ ಒಂದು ಪಿಕ್ಸೆಲ್ ದಾಟಲು ಒಂದು ಸೆಕೆಂಡು ಬೇಕಾಗುತ್ತದೆ. ಹೊಸಬರು ಕಡಿಮೆ ಸಂಗಮದೂರದಿಂದ ಆರಂಭಿಸಬೇಕು ಎಂದು ಅನುಭವಿಗಳು ಹೇಳುವುದಕ್ಕೆ ಇದೇ ಕಾರಣ. ನಿಮ್ಮ ಬಳಿ ಈಗಾಗಲೇ ಇರುವ ಮಸೂರಗಳು ಈ ಕೆಲಸಕ್ಕೆ ಯೋಗ್ಯವಾದವೇ. ಕೊರತೆಯಿರುವುದು ಹಿಂಬಾಲಿಸುವ ಪೀಠದ್ದು ಮಾತ್ರ.

ಕ್ಯಾಮೆರಾ ಹೊತ್ತು ತಿರುಗುವ ಚಿಕ್ಕ ಟ್ರ್ಯಾಕರುಗಳು ಮಾರುಕಟ್ಟೆಯಲ್ಲಿವೆ, ಸ್ಕೈವಾಚರ್ ಸ್ಟಾರ್ ಅಡ್ವೆಂಚರರ್ ಮಾದರಿಯದು 5 ಕೆ.ಜಿ.ವರೆಗೆ ಹೊರುತ್ತದೆ. ಆದರೆ ಡಾಬ್ಸೋನಿಯನ್ ಕೊಂಡ ಮೇಲೆ ಅದಕ್ಕೆ ನಿಮ್ಮ ಬಳಿ ಹಣ ಉಳಿಯುವುದಿಲ್ಲ. ವಿಜ್ಞಾನ ಶಿಕ್ಷಕರಾದ ನಿಮಗೆ ನಾನು ಇನ್ನೊಂದು ದಾರಿಯನ್ನು ಸೂಚಿಸುತ್ತೇನೆ. ಎರಡು ಹಲಗೆಗಳನ್ನು ಒಂದು ಬಾಗಿಲ ತಿರುಗಣಿಯಿಂದ ಜೋಡಿಸಿ, ತಿರುಗಣಿಯ ಅಕ್ಷದಿಂದ ಸರಿಯಾಗಿ 228.5 ಮಿ.ಮೀ. ದೂರದಲ್ಲಿ ಕೆಳಹಲಗೆಯ ಮೂಲಕ 6 ಮಿ.ಮೀ. ದಪ್ಪದ, ಸುತ್ತಿಗೆ 1 ಮಿ.ಮೀ. ಏರುವ ತಿರುಪುಮೊಳೆಯೊಂದನ್ನು ಕೂಡಿಸಿ. ತಿರುಪನ್ನು ನಿಮಿಷಕ್ಕೆ ಒಂದು ಸುತ್ತು ತಿರುಗಿಸಿದರೆ ಮೇಲಿನ ಹಲಗೆ ಭೂಮಿಯ ತಿರುಗುವಿಕೆಯ ವೇಗದಲ್ಲಿಯೇ ತೆರೆದುಕೊಳ್ಳುತ್ತದೆ, ಏಕೆಂದರೆ ನಕ್ಷತ್ರಗಳಿಗೆ ಹೋಲಿಸಿದಂತೆ ಭೂಮಿಯ ಒಂದು ಸುತ್ತಿಗೆ 1436 ನಿಮಿಷ ಹಿಡಿಯುತ್ತದೆ. ಆ ದೂರ ಎಲ್ಲಿಂದ ಬಂತೆಂಬ ಲೆಕ್ಕವನ್ನು ಹತ್ತನೆಯ ತರಗತಿಯ ಮಕ್ಕಳಿಂದಲೇ ಮಾಡಿಸಬಹುದು. ಊರಿನ ಯಾವ ಬಡಿಗನೂ ಅರ್ಧ ದಿನದಲ್ಲಿ ಇದನ್ನು ಮಾಡಿಕೊಡಬಲ್ಲನು. ಮೇಲ್ಹಲಗೆಯ ಮೇಲೆ ಬಾಲ್‌ಹೆಡ್ (ಕ್ಯಾಮೆರಾವನ್ನು ಬೇಕಾದತ್ತ ತಿರುಗಿಸುವ ಹಿಡಿಕೆ) ಕೂಡಿಸಿ, 50 ಮಿ.ಮೀ. ಮಸೂರದ ಕ್ಯಾಮೆರಾ ಇಟ್ಟು, ಒಂದೆರಡು ನಿಮಿಷದ ಎಕ್ಸ್‌ಪೋಷರುಗಳನ್ನು ನಿಶ್ಚಿಂತೆಯಿಂದ ತೆಗೆಯಬಹುದು. ತೆರೆಯುತ್ತ ಹೋದಂತೆ ನೇರ ತಿರುಪಿನ ಲೆಕ್ಕ ನಿಧಾನವಾಗಿ ತಪ್ಪುತ್ತದೆ, ಆದ್ದರಿಂದ ಐದಾರು ನಿಮಿಷಕ್ಕೊಮ್ಮೆ ಹಲಗೆಯನ್ನು ಮುಚ್ಚಿ ಮತ್ತೆ ಆರಂಭಿಸುವುದು ಒಳ್ಳೆಯದು.

ತಿರುಗಣಿಯ ಅಕ್ಷ ಆಕಾಶದ ಉತ್ತರ ಧ್ರುವಬಿಂದುವಿನ ಕಡೆಗೆ ನೇರವಾಗಿರಬೇಕು. ಧ್ರುವನಕ್ಷತ್ರ ಆ ಬಿಂದುವಿನಿಂದ ಒಂದು ಡಿಗ್ರಿಗಿಂತ ಕಡಿಮೆ ದೂರದಲ್ಲಿದೆ, ಹಲಗೆಯ ಕೆಲಸಕ್ಕೆ ಅಷ್ಟು ಸಾಕು. ತೊಡಕೆಂದರೆ ಧ್ರುವನಕ್ಷತ್ರದ ಎತ್ತರ ಆಯಾ ಊರಿನ ಅಕ್ಷಾಂಶದಷ್ಟೇ ಇರುತ್ತದೆ: ವಿಜಯಪುರದಲ್ಲಿ ಹದಿನೇಳು ಡಿಗ್ರಿಗೆ ತುಸು ಕಡಿಮೆ, ಬೆಳಗಾವಿಯಲ್ಲಿ ಹದಿನಾರಕ್ಕೂ ಕಡಿಮೆ. ಮೂವತ್ತು ಮೀಟರು ದೂರದಲ್ಲಿ ಹತ್ತು ಮೀಟರಿಗೂ ಮಿಕ್ಕಿದ ಬೇವಿನ ಮರವೊಂದಿದ್ದರೆ ಅದು ಮರೆಯಾಗಿಯೇ ಹೋಯಿತು. ತೋಟದಲ್ಲಿ ಉತ್ತರ ದಿಕ್ಕು ತೆರೆದಿರುವ ಜಾಗವನ್ನು ಹಗಲಲ್ಲೇ ಗುರುತು ಮಾಡಿಕೊಳ್ಳಿ. ಮುಂದೆಂದಾದರೂ ಈಕ್ವಟೋರಿಯಲ್ ಪೀಠ ಕೊಳ್ಳುವುದಾದರೆ, ಅದು ಇಷ್ಟು ಕೆಳಗಿನ ಅಕ್ಷಾಂಶಕ್ಕೆ ಇಳಿಯುತ್ತದೆಯೇ ಎಂದು ಮೊದಲು ಕೇಳಿ. ಹೆಚ್ಚಿನವುಗಳ ವಿನ್ಯಾಸ ಯುರೋಪ್, ಅಮೆರಿಕದ ಅಕ್ಷಾಂಶಗಳನ್ನು ಗಮನದಲ್ಲಿಟ್ಟುಕೊಂಡದ್ದು. ಕೆಲವು ಪೀಠಗಳಲ್ಲಿ ನಮ್ಮ ಕಡೆ ಸಮತೋಲದ ತೂಕದ ಸರಳು ಮುಕ್ಕಾಲಿಯ ಕಾಲಿಗೆ ಬಡಿಯುತ್ತದೆ.

ಅಕ್ಷಾಂಶದ ಲಾಭವನ್ನೂ ಹೇಳಬೇಕಲ್ಲ. ಧನು ರಾಶಿಯ ಲಗೂನ್ ನೀಹಾರಿಕೆ, ಅಂದರೆ ಎಂ 8, ನಿಮ್ಮಲ್ಲಿ 49 ಡಿಗ್ರಿ ಎತ್ತರಕ್ಕೆ ಬರುತ್ತದೆ. ಲಂಡನ್ನಿನಲ್ಲಿ ಅದು 14 ಡಿಗ್ರಿ ದಾಟುವುದಿಲ್ಲ. ಹಾಲುಹಾದಿಯ ಆ ನಡುಭಾಗವನ್ನು ಮಾರ್ಚ್‌ನಿಂದ ಮೇವರೆಗೆ ಬೆಳಗಿನ ಜಾವದಲ್ಲಿ ತೆಗೆಯಿರಿ. ಜೂನ್ ಬಂತೆಂದರೆ ಮೋಡ. ನಿಮ್ಮದು ಮಳೆ ಕಡಿಮೆ ಇರುವ ಸೀಮೆ, ನಮ್ಮ ಬೆಳಗಾವಿಯಲ್ಲಂತೂ ಮಳೆಗಾಲದಲ್ಲಿ ಉಪಕರಣಕ್ಕೆ ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಹಾಕಿ ಮುಚ್ಚಿಡುವುದೇ ಕೆಲಸ.

ಒಂದೇ ದೀರ್ಘ ಎಕ್ಸ್‌ಪೋಷರಿಗಿಂತ ಚಿಕ್ಕ ಚಿತ್ರಗಳನ್ನು ಹಲವು ತೆಗೆದು, ಸಿರಿಲ್ ಅಥವಾ ಡೀಪ್‌ಸ್ಕೈಸ್ಟ್ಯಾಕರ್ ಎಂಬ ಉಚಿತ ತಂತ್ರಾಂಶಗಳಲ್ಲಿ ಒಂದರ ಮೇಲೊಂದು ಕೂಡಿಸಬೇಕು. ಚಿತ್ರಗಳ ಸಂಖ್ಯೆಯನ್ನು ನಾಲ್ಕು ಪಟ್ಟು ಮಾಡಿದರೆ ಚಿತ್ರದಲ್ಲಿನ ಹರಳುಹರಳಾದ ಗದ್ದಲ (ನಾಯ್ಸ್) ಅರ್ಧಕ್ಕೆ ಇಳಿಯುತ್ತದೆ. ಸಾಮಾನ್ಯ ಡಿಎಸ್‌ಎಲ್‌ಆರ್ ಸಂವೇದಕದ ಮುಂದಿನ ಶೋಧಕ ಜಲಜನಕದ 656 ನ್ಯಾನೋಮೀಟರಿನ ಕೆಂಪು ಬೆಳಕನ್ನು ಬಹುಪಾಲು ತಡೆಯುವುದರಿಂದ ಕೆಲವು ನೀಹಾರಿಕೆಗಳು ಮಂಕಾಗಿ ಬರುತ್ತವೆ. ಮಹಾವ್ಯಾಧದ್ದು, ಲಗೂನ್, ದೇವಯಾನಿ ಇವಕ್ಕೆ ಅದರಿಂದ ದೊಡ್ಡ ತೊಂದರೆಯಿಲ್ಲ.

ಉತ್ತರ (ಜಮಖಂಡಿ)

ಇಷ್ಟೆಲ್ಲ ಶ್ರಮ ಏಕೆ ಎಂಬುದು ನನ್ನ ಪ್ರಶ್ನೆ. ಸೀಸ್ಟಾರ್ ಎಸ್ 50 ಎಂಬ ಸ್ಮಾರ್ಟ್ ದೂರದರ್ಶಕ 2023ರಲ್ಲಿ ಬಂದಿದೆ. 50 ಮಿ.ಮೀ. ಮಸೂರ, 250 ಮಿ.ಮೀ. ಸಂಗಮದೂರ, ಎರಡೂವರೆ ಕೆ.ಜಿ. ತೂಕ, ಕ್ಯಾಮೆರಾ, ಮೋಟರು, ಫೋಕಸ್ ಎಲ್ಲವೂ ಒಂದರೊಳಗೇ ಇವೆ. ಫೋನಿನಲ್ಲಿ ಹೆಸರು ಆರಿಸಿದರೆ ತಾನೇ ಹುಡುಕಿ, 10 ಸೆಕೆಂಡಿನ ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸುತ್ತ ಹೋಗುತ್ತದೆ. ಒಳಗಿರುವ ಎರಡು ಪಟ್ಟಿಯ, ಅಂದರೆ ನೀಹಾರಿಕೆಯ ಎರಡು ಬಣ್ಣದ ಬೆಳಕನ್ನಷ್ಟೇ ಬಿಡುವ, ಶೋಧಕದಿಂದ ನೀಹಾರಿಕೆಗಳನ್ನು ಊರೊಳಗಿನಿಂದಲೇ ತೆಗೆಯಬಹುದು. ಹಳೆಯ ಸೋಡಿಯಂ ದೀಪಗಳಿಗೆಂದು ಮಾಡಿದ ಶೋಧಕಗಳು ಬಿಳಿ ಎಲ್‌ಇಡಿ ಬೆಳಕಿನ ಎದುರು ಹೆಚ್ಚು ಪ್ರಯೋಜನಕ್ಕೆ ಬಾರದಿರುವ ಈ ಕಾಲದಲ್ಲಿ ಅದು ಸಣ್ಣ ಅನುಕೂಲವಲ್ಲ. ಮಕ್ಕಳಿಗೆ ಬಣ್ಣದ ನೀಹಾರಿಕೆಯನ್ನು ಪರದೆಯ ಮೇಲೆ ತೋರಿಸಿದರೆ, ಬೂದುಬಣ್ಣದ ಮಬ್ಬಿಗಿಂತ ಅದೇ ಅವರ ಮನಸ್ಸಿನಲ್ಲಿ ನಿಲ್ಲುತ್ತದೆ ಎಂದು ನನ್ನ ಎಣಿಕೆ.

ಮಿತಿಗಳನ್ನೂ ಹೇಳುತ್ತೇನೆ. ಗ್ರಹಗಳಿಗೆ ಅದು ಪ್ರಯೋಜನವಿಲ್ಲ. ಅದರ ಒಂದು ಪಿಕ್ಸೆಲ್ ಸುಮಾರು 2.4 ವಿಕಲೆಯನ್ನು ಆವರಿಸುವುದರಿಂದ 45 ವಿಕಲೆ ಅಗಲದ ಗುರು ಹತ್ತೊಂಬತ್ತು ಪಿಕ್ಸೆಲ್ಲಿನ ಚುಕ್ಕೆಯಾಗುತ್ತಾನೆ. ದೇವಯಾನಿ ಗೆಲಾಕ್ಸಿ ಒಂದು ಚೌಕಟ್ಟಿನಲ್ಲಿ ಹಿಡಿಸುವುದಿಲ್ಲ. ಇನ್ನು ನಮ್ಮ ಕಡೆ ಕಬ್ಬು ಕಡಿಯುವ ಹಂಗಾಮಿನಲ್ಲಿ ರವದಿಗೆ ಬೆಂಕಿ ಹಚ್ಚಿದ ರಾತ್ರಿ ಯಾವ ಉಪಕರಣವೂ ನಡೆಯುವುದಿಲ್ಲ, ಅದು ಬೇರೆ ಮಾತು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಜಮಖಂಡಿಯವರ ಮಾತಿನಲ್ಲಿ ಬಲವಿದೆ, ಆದರೆ ಬಣ್ಣದ ಚಿತ್ರಗಳನ್ನು ಮಕ್ಕಳು ಪರದೆಯ ಮೇಲೆ ಈಗಾಗಲೇ ಸಾಕಷ್ಟು ನೋಡಿದ್ದಾರೆ. ಶನಿಯ ಬೆಳಕು ನೇರವಾಗಿ ಅವರ ಕಣ್ಣಿಗೆ ಬೀಳಬೇಕೆಂಬುದೇ ನನ್ನ ಉದ್ದೇಶವಾದ್ದರಿಂದ ಎಂಟು ಅಂಗುಲದ ಡಾಬ್ಸೋನಿಯನ್ ಕೊಂಡು, ತಿರುಗಣಿ ಹಲಗೆಯನ್ನು ಬಡಿಗರಿಂದ ಮಾಡಿಸುತ್ತೇನೆ. ಎರಡು ಸಂದೇಹ ಉಳಿದಿವೆ. ತೋಟದ ದಾರಿಯ ಕುಲುಕಾಟಕ್ಕೆ ಮತ್ತು ನಮ್ಮ ಧೂಳಿಗೆ ಕನ್ನಡಿ ತಾಳುತ್ತದೆಯೇ? ಚಂದ್ರ ಮತ್ತು ಗ್ರಹಗಳ ಚಿತ್ರವನ್ನಾದರೂ ಡಾಬ್ಸೋನಿಯನ್ನಿನಿಂದ ತೆಗೆಯಬಹುದೇ?

ಉತ್ತರ (ಬಾಗಲಕೋಟೆ, ನವನಗರ)

ಚಂದ್ರನಿಗೆ ಯಾವ ಅಡ್ಡಿಯೂ ಇಲ್ಲ. ಅವನು ಎಷ್ಟು ಪ್ರಕಾಶಮಾನನೆಂದರೆ ಸೆಕೆಂಡಿನ ನೂರನೆಯ ಒಂದು ಭಾಗದ ಎಕ್ಸ್‌ಪೋಷರೇ ಸಾಕಾಗುವುದರಿಂದ ಹಿಂಬಾಲಿಸುವ ಮೋಟರಿನ ಅಗತ್ಯ ಬೀಳುವುದಿಲ್ಲ. ಆದರೆ ಅನೇಕ ಡಾಬ್ಸೋನಿಯನ್ನುಗಳಲ್ಲಿ ಡಿಎಸ್‌ಎಲ್‌ಆರ್ ಸಂವೇದಕ ಬಿಂಬ ಕೂಡುವ ಜಾಗವನ್ನು ಮುಟ್ಟುವುದಿಲ್ಲ. ಸಂಗಮದೂರವನ್ನು ಎರಡು ಪಟ್ಟು ಮಾಡುವ ಬಾರ್ಲೋ ಮಸೂರವನ್ನು ನಡುವೆ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಗುರು, ಶನಿಗಳಿಗೆ ಫೋನನ್ನು ಐಪೀಸಿಗೆ ಬಿಗಿಯುವ ಹಿಡಿಕೆ ಕೊಳ್ಳಿ. ಗ್ರಹ ದೃಷ್ಟಿಕ್ಷೇತ್ರದ ಒಂದು ಅಂಚಿನಿಂದ ಇನ್ನೊಂದಕ್ಕೆ ತೇಲಿಹೋಗುವಷ್ಟು ಹೊತ್ತು ವಿಡಿಯೋ ತೆಗೆದು, ಆಟೋಸ್ಟ್ಯಾಕರ್ಟ್ ಎಂಬ ಉಚಿತ ತಂತ್ರಾಂಶಕ್ಕೆ ಕೊಟ್ಟರೆ ಅದು ಚುರುಕಾದ ಚೌಕಟ್ಟುಗಳನ್ನಷ್ಟೇ ಆರಿಸಿ ಕೂಡಿಸುತ್ತದೆ.

ಕೊಳವೆಯನ್ನೂ ಪೀಠವನ್ನೂ ಬಿಡಿಸಿ ಒಯ್ಯಬೇಕು. ಕೊಳವೆ ಸುಮಾರು 1.2 ಮೀಟರು ಉದ್ದವಿರುವುದರಿಂದ ಕಾರಿನ ಹಿಂದಿನ ಆಸನದ ಮೇಲೆ ದುಪ್ಪಟಿ ಹಾಸಿ ಅಡ್ಡಲಾಗಿ ಮಲಗಿಸಿದರೆ ಸಾಕು. ಬೈಕಿನ ಮೇಲೆ ಒಯ್ಯುವ ವಿಚಾರ ಬೇಡ. ಕುಲುಕಾಟಕ್ಕೆ ಕನ್ನಡಿ ಒಡೆಯುವುದಿಲ್ಲ, ಹೊಂದಾಣಿಕೆ ತುಸು ತಪ್ಪುತ್ತದೆ. ಚೆಷೈರ್ ಎಂಬ ಚಿಕ್ಕ ಸಾಧನವನ್ನು ಐಪೀಸಿನ ಜಾಗದಲ್ಲಿ ಇಟ್ಟು, ಹಿಂಬದಿಯ ತಿರುಪುಗಳನ್ನು ಹೊಂದಿಸುವುದನ್ನು ರೂಢಿಸಿಕೊಂಡರೆ ಅದು ಐದು ನಿಮಿಷದ ಕೆಲಸ. ಧೂಳಿನ ವಿಷಯದಲ್ಲಿ ನಮ್ಮವರು ಅತಿಯಾದ ಶುಚಿತ್ವ ತೋರಿಸಿ ಕನ್ನಡಿ ಕೆಡಿಸುತ್ತಾರೆ. ಕನ್ನಡಿಯ ಮೇಲೆ ಕಾಣುವ ತೆಳುವಾದ ಧೂಳು ಬಿಂಬವನ್ನು ಗಮನಾರ್ಹವಾಗಿ ಕುಂದಿಸುವುದಿಲ್ಲ, ಆದರೆ ಬಟ್ಟೆಯಿಂದ ಒರೆಸಿದರೆ ಅಲ್ಯೂಮಿನಿಯಂ ಲೇಪಕ್ಕೆ ಗೀರು ಬೀಳುತ್ತದೆ, ಅದನ್ನು ಸರಿಪಡಿಸಲು ಹೊಸ ಲೇಪವೇ ಆಗಬೇಕು. ಬಳಸದಿರುವಾಗ ಎರಡೂ ಕಡೆ ಮುಚ್ಚಿಡಿ. ತೀರ ಕೊಳೆಯಾದರೆ ಮಾತ್ರ ಕನ್ನಡಿಯನ್ನು ಹೊರತೆಗೆದು ಬಟ್ಟಿ ಇಳಿಸಿದ ನೀರಿನಲ್ಲಿ ಜಾಲಾಡಿಸಿ, ಒರೆಸದೆ ಹಾಗೆಯೇ ಒಣಗಲು ಬಿಡಿ.

ಪೆಟ್ಟಿಗೆ ಬಂದ ದಿನ ಮಾಡಬೇಕಾದ ಮೊದಲ ಕೆಲಸ ಗುರಿದುರ್ಬೀನನ್ನು, ಅಂದರೆ ಗುರಿ ಹಿಡಿಯಲು ಕೊಳವೆಯ ಪಕ್ಕದಲ್ಲಿರುವ ಚಿಕ್ಕ ದೂರದರ್ಶಕವನ್ನು, ದೊಡ್ಡ ಕೊಳವೆಗೆ ಹೊಂದಿಸುವುದು, ಅದು ಕತ್ತಲಾಗುವ ಮೊದಲೇ ಆಗಬೇಕು. ಒಂದು ಕಿಲೋಮೀಟರಿಗೂ ಆಚೆಗಿನ ಗುರಿ ಬೇಕಾಗುತ್ತದೆ. ನಿಮ್ಮ ಮಾಳಿಗೆಯಿಂದ ಗೋಳಗುಮ್ಮಟ ಕಾಣುವುದಾದರೆ ಅದರ ತುದಿಗಿಂತ ಒಳ್ಳೆಯ ಗುರಿ ಬೇರೊಂದಿಲ್ಲ. 25 ಮಿ.ಮೀ. ಐಪೀಸಿನ ನಡುವೆ ಆ ತುದಿಯನ್ನು ತಂದು, ಅದೇ ತುದಿ ಗುರಿದುರ್ಬೀನಿನ ಅಡ್ಡಗೆರೆಗಳ ಮೇಲೆ ಬರುವಂತೆ ಅದರ ತಿರುಪುಗಳನ್ನು ಬಿಗಿಯಿರಿ. ಗುಮ್ಮಟ ತಲೆಕೆಳಗಾಗಿ ಕಾಣುತ್ತದೆ, ಕನ್ನಡಿಯ ದೂರದರ್ಶಕದಲ್ಲಿ ಅದು ಸಹಜ. ಗುಮ್ಮಟ ಊರಿನ ಪೂರ್ವಕ್ಕಿರುವುದರಿಂದ ಈ ಕೆಲಸವನ್ನು ಸಂಜೆ, ಸೂರ್ಯ ನಿಮ್ಮ ಬೆನ್ನ ಹಿಂದೆ ಇರುವಾಗ ಮಾಡಿ. ಮಕ್ಕಳು ಸುತ್ತಲಿದ್ದರೆ ಕೊಳವೆಯನ್ನು ಪಶ್ಚಿಮಕ್ಕೆ ತಿರುಗಿಸಲು ಬಿಡಬೇಡಿ. ಸೂರ್ಯನನ್ನು ನೋಡುವ ಇಚ್ಛೆಯಿದ್ದರೆ ಕೊಳವೆಯ ಮುಂದಿನ ಬಾಯಿಯನ್ನು ಪೂರ್ತಿ ಮುಚ್ಚುವ ಸೌರ ಶೋಧಕವನ್ನು ಬೇರೆಯಾಗಿ ಕೊಂಡು ಬಿಗಿಯಾಗಿ ಕೂಡಿಸಬೇಕು, ಗುರಿದುರ್ಬೀನಿನ ಮುಚ್ಚಳ ತೆಗೆಯಬಾರದು. ಐಪೀಸಿಗೆ ತಿರುಗಿಸಿ ಹಾಕುವ ಚಿಕ್ಕ ಸೌರ ಶೋಧಕವೇನಾದರೂ ಪೆಟ್ಟಿಗೆಯಲ್ಲಿ ಬಂದಿದ್ದರೆ ಅದನ್ನು ಆ ಹೊತ್ತಿಗೇ ಒಡೆದು ಎಸೆಯಿರಿ. ಕೂಡಿದ ಬಿಸಿಲಿನ ಕಾವಿಗೆ ಅದು ಸೀಳುತ್ತದೆ.